ಯಕ್ಷಗಾನದ ಚಿತ್ರಗಳ ಗಾತ್ರ ಇಳಿಸಿದಾಗ ಕಸೆಯ ಚೌಕುಳಿ ಕೆಡುತ್ತಿದೆ, ಬಣ್ಣವೂ ಮಂಕಾಗುತ್ತಿದೆ: ತಪ್ಪು ಎಲ್ಲಿ?

ಚೌಕಿಮನೆ (ಬ್ರಹ್ಮಾವರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ. ಆದರೆ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ವಾರಕ್ಕೊಂದು ಬಯಲಾಟವನ್ನಾದರೂ ನೋಡದೆ, ಸಿಕ್ಕಷ್ಟು ಚಿತ್ರ ತೆಗೆಯದೆ ಇರಲಾರೆ. ನನ್ನದು 24 ಮೆಗಾಪಿಕ್ಸೆಲ್‌ನ ಕ್ಯಾಮೆರಾ. ಪ್ರತಿಯೊಂದು ಚಿತ್ರವೂ 6000 × 4000 ಪಿಕ್ಸೆಲ್ ಇರುತ್ತದೆ, ಜೆಪೆಗ್ ಫೈಲು 10ರಿಂದ 12 ಎಂ.ಬಿ.ಯಷ್ಟು ತೂಗುತ್ತದೆ.

ಕಳೆದ ತಿಂಗಳು ನೆರೆಯೂರಿನ ಹರಕೆಯಾಟವೊಂದರ ಸೇವಾಕರ್ತರು ಚಿತ್ರಗಳನ್ನು ಫೇಸ್‌ಬುಕ್‌ನಲ್ಲಿ ಹಾಕುವಂತೆ ಕೇಳಿಕೊಂಡರು. ಇದ್ದ ಹಾಗೆಯೇ ಅಪ್‌ಲೋಡ್ ಮಾಡಿದಾಗ ವೇಷದ ಮುಖದ ಮೇಲೆ ತೆಳುವಾದ ಮಬ್ಬು ಪರದೆ ಎಳೆದಂತೆ ಕಾಣಿಸಿತು. ಹಾಗಾದರೆ ನಾನೇ ಚಿಕ್ಕದು ಮಾಡಿ ಹಾಕುತ್ತೇನೆಂದು ಕಂಪ್ಯೂಟರಿನಲ್ಲಿದ್ದ ಒಂದು ಸಣ್ಣ ತಂತ್ರಾಂಶದಿಂದ ಅಗಲವನ್ನು 2048 ಪಿಕ್ಸೆಲ್‌ಗೆ ಇಳಿಸಿದೆ. ಮಬ್ಬೇನೋ ಹೋಯಿತು, ಆದರೆ ಪುರುಷವೇಷದ ಕೆಂಪು-ಹಳದಿ ಚೌಕುಳಿ ಕಸೆಯಲ್ಲಿ (ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ) ಮೂಲ ಚಿತ್ರದಲ್ಲಿ ಇಲ್ಲದ ಅಲೆಯಲೆಯಾದ ಪಟ್ಟೆಗಳು ಮೂಡಿದವು. ಕಲಾವಿದರು ಮಂಡಿಯೂರಿ ಗಿರಗಿರನೆ ತಿರುಗುವಾಗ ತೆಗೆದ ಚಿತ್ರದಲ್ಲಂತೂ ಬಟ್ಟೆ ನೀರಿನಲ್ಲಿ ತೇಲುತ್ತಿರುವಂತೆ ಕಾಣುತ್ತದೆ.

ಇನ್ನೊಂದು ಜಾಲತಾಣದವರು ಪ್ರತಿ ಚಿತ್ರವೂ 500 ಕೆ.ಬಿ.ಯೊಳಗೆ ಇರಬೇಕೆಂದು ಷರತ್ತು ಹಾಕಿದ್ದಾರೆ. ಅಳತೆಯನ್ನು 6000ದಲ್ಲಿಯೇ ಉಳಿಸಿಕೊಂಡು ಕ್ವಾಲಿಟಿಯನ್ನು ಮಾತ್ರ 20ಕ್ಕೆ ಇಳಿಸಿ ನೋಡಿದೆ. ಮುಂಡಾಸಿನ ಅಂಚಿನ ಸುತ್ತ, ಹಿಂದಿನ ಕತ್ತಲೆಯಲ್ಲಿ, ಸಣ್ಣ ಸಣ್ಣ ಚೌಕಗಳೇ ಎದ್ದು ನಿಂತವು. ಡಿ.ಪಿ.ಐ.ಯನ್ನು 300ರಿಂದ 72ಕ್ಕೆ ಇಳಿಸಿದರೆ ಸಾಕು ಎಂದು ಗೆಳೆಯರೊಬ್ಬರು ಹೇಳಿದರು. ಅದನ್ನೂ ಮಾಡಿದೆ, ಫೈಲಿನ ತೂಕ ಒಂದು ಕೆ.ಬಿ.ಯಷ್ಟೂ ಕಡಿಮೆಯಾಗಲಿಲ್ಲ.

ಕೊನೆಯದಾಗಿ ಬಣ್ಣದ ವಿಷಯ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಕೆಂಡದಂತೆ ಕಾಣುವ ಕೆಂಪು, ಅಪ್‌ಲೋಡ್ ಆದ ಮೇಲೆ ತಮ್ಮನ ಫೋನಿನಲ್ಲಿ ಹಳೆಯ ಹೆಂಚಿನ ಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೂ ಗಾತ್ರ ಇಳಿಸುವುದಕ್ಕೂ ಸಂಬಂಧವಿದೆಯೇ? ಮುಖ್ಯವೋ ಅಲ್ಲವೋ ತಿಳಿಯದು, ಎರಡು ವರ್ಷಗಳ ಹಿಂದೆ ಕ್ಯಾಮೆರಾದ ಮೆನುವಿನಲ್ಲಿ ಏನೇನೋ ಬದಲಾಯಿಸಿದಂದಿನಿಂದ ನನ್ನ ಫೈಲುಗಳ ಹೆಸರಿನ ಮೊದಲಿಗೇ ಒಂದು ಅಂಡರ್‌ಸ್ಕೋರ್ ಗೆರೆ ಬರುತ್ತಿದೆ.

ಕಾಪು ದೀಪಸ್ತಂಭ ಉತ್ತರಿಸಿದ್ದು:

ಬೇರೆ ಬೇರೆ ಕಾರಣಗಳಿಂದ ಆದ ನಾಲ್ಕು ತೊಂದರೆಗಳು ನಿಮ್ಮಲ್ಲಿ ಒಂದೇ ಗಂಟಿನೊಳಗೆ ಸೇರಿಕೊಂಡಿವೆ. ಮುಖ್ಯವೋ ಅಲ್ಲವೋ ಎಂದು ನೀವು ಕೊನೆಯಲ್ಲಿ ಬರೆದಿರಲ್ಲ, ಆ ಅಂಡರ್‌ಸ್ಕೋರ್ ಗೆರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಣ್ಣದ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇದೆ. ಕ್ಯಾಮೆರಾಗಳಲ್ಲಿ ಬಣ್ಣದ ವ್ಯಾಪ್ತಿಗೆ ಎಸ್‌ಆರ್‌ಜಿಬಿ ಮತ್ತು ಅಡೋಬಿ ಆರ್‌ಜಿಬಿ ಎಂಬ ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನು ಆರಿಸಿದರೆ, ಕ್ಯಾಮೆರಾ ತಯಾರಕರೆಲ್ಲ ಒಪ್ಪಿಕೊಂಡಿರುವ ಫೈಲು-ಹೆಸರಿನ ನಿಯಮದಂತೆ, ಹೆಸರಿನ ಮೊದಲ ಅಕ್ಷರ ಅಂಡರ್‌ಸ್ಕೋರ್ ಆಗುತ್ತದೆ. ಅಂದರೆ ಎರಡು ವರ್ಷಗಳಿಂದ ನೀವು ಅಡೋಬಿ ಆರ್‌ಜಿಬಿಯಲ್ಲಿ ತೆಗೆಯುತ್ತಿದ್ದೀರಿ. ಅದು ಹೆಚ್ಚು ವಿಶಾಲವಾದ ವ್ಯಾಪ್ತಿ ಎಂಬುದು ನಿಜ. ಆದರೆ ಹಲವು ತಂತ್ರಾಂಶಗಳು ಗಾತ್ರ ಇಳಿಸುವಾಗ ಫೈಲಿನೊಳಗಿನ ಬಣ್ಣದ ಗುರುತುಪತ್ರವನ್ನು, ಅಂದರೆ ಪ್ರೊಫೈಲನ್ನು, ಕಿತ್ತುಹಾಕುತ್ತವೆ. ಆಗ ಫೋನು ಪಿಕ್ಸೆಲ್‌ಗಳ ಬಣ್ಣದ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದೇ ಓದಿ, ಕೆಂಪನ್ನೂ ಹಸಿರನ್ನೂ ಸಪ್ಪೆಯಾಗಿ ತೋರಿಸುತ್ತದೆ. ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶವನ್ನು ಬಳಸುವುದಾದರೆ 'ಇಮೇಜ್' ಮೆನುವಿನ 'ಕಲರ್ ಮ್ಯಾನೇಜ್‌ಮೆಂಟ್'ನಲ್ಲಿ 'ಕನ್ವರ್ಟ್' ಎಂಬುದನ್ನು ಆರಿಸಿ ಎಸ್‌ಆರ್‌ಜಿಬಿಗೆ ಪರಿವರ್ತಿಸಿ. ಅದರ ಪಕ್ಕದಲ್ಲಿಯೇ ಇರುವ 'ಅಸೈನ್' ಬೇಡ. ಅದು ಅಂಕಿಗಳನ್ನು ಹಾಗೆಯೇ ಬಿಟ್ಟು ಹೆಸರುಪಟ್ಟಿಯನ್ನು ಮಾತ್ರ ಬದಲಾಯಿಸುತ್ತದೆ, ನಿಮಗೆ ಅದೇ ಹೆಂಚಿನ ಬಣ್ಣ ಸಿಗುತ್ತದೆ. ಮುಂದಿನ ಆಟಕ್ಕೆ ಹೋಗುವ ಮೊದಲು ಕ್ಯಾಮೆರಾವನ್ನೇ ಎಸ್‌ಆರ್‌ಜಿಬಿಗೆ ಮರಳಿಸುವುದು ಇನ್ನೂ ಸುಲಭ.

ಈಗ ಕಸೆಯ ಅಲೆಗಳು. 6000 × 4000 ಎಂದರೆ 2 ಕೋಟಿ 40 ಲಕ್ಷ ಪಿಕ್ಸೆಲ್. ಅದನ್ನು 2048 × 1365ಕ್ಕೆ ಇಳಿಸಿದಾಗ ಉಳಿಯುವುದು ಸುಮಾರು 28 ಲಕ್ಷ. ಆದ್ದರಿಂದ ಹೊಸ ಚಿತ್ರದ ಒಂದೊಂದು ಪಿಕ್ಸೆಲ್ ಹಳೆಯದರ ಎಂಟೂವರೆ ಪಿಕ್ಸೆಲ್‌ಗಳ ಪ್ರತಿನಿಧಿ. ಪ್ರತಿನಿಧಿಯನ್ನು ಆರಿಸುವ ಕ್ರಮದಲ್ಲಿಯೇ ಎಲ್ಲ ವ್ಯತ್ಯಾಸವೂ ಇರುವುದು. ಅವಸರದ ತಂತ್ರಾಂಶವು ಅಡ್ಡಕ್ಕೂ ಉದ್ದಕ್ಕೂ ಸುಮಾರು ಮೂರಕ್ಕೊಂದರಂತೆ ಪಿಕ್ಸೆಲ್ ಹೆಕ್ಕಿಕೊಂಡು ಉಳಿದವನ್ನು ಎಸೆಯುತ್ತದೆ. ನಿಮ್ಮ ಚಿತ್ರದಲ್ಲಿ ಕಸೆಯ ಕೆಂಪು ಎಳೆ ಎರಡು ಪಿಕ್ಸೆಲ್, ಹಳದಿ ಎಳೆ ಎರಡು ಪಿಕ್ಸೆಲ್ ಅಗಲವಿದ್ದರೆ, ಹೆಕ್ಕುವ ಹೆಜ್ಜೆಗೂ ಎಳೆಗಳ ಹೆಜ್ಜೆಗೂ ತಾಳ ತಪ್ಪಿ, ಒಮ್ಮೆ ಕೆಂಪೇ ಕೆಂಪು, ಮತ್ತೊಮ್ಮೆ ಹಳದಿಯೇ ಹಳದಿ ಬಂದು ಬಟ್ಟೆಯಲ್ಲಿಲ್ಲದ ದಪ್ಪ ಪಟ್ಟೆ ಹುಟ್ಟುತ್ತದೆ. ಮ್ವಾರೆ ಎಂದು ಕರೆಯುವುದು ಇದನ್ನೇ. ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದು ನೋಡಿದರೆ ಇಂಥದೇ ಅಲೆಗಳು ಕಾಣಿಸುತ್ತವೆ.

ಒಳ್ಳೆಯ ವಿಧಾನಗಳು ಹೆಕ್ಕುವುದಿಲ್ಲ, ಸುತ್ತಲಿನ ಪಿಕ್ಸೆಲ್‌ಗಳನ್ನೆಲ್ಲ ತೂಕ ಹಾಕಿ ಬೆರೆಸುತ್ತವೆ. ಬೈಕ್ಯೂಬಿಕ್, ಹಂಗೇರಿಯ ಗಣಿತಜ್ಞರೊಬ್ಬರ ಹೆಸರು ಹೊತ್ತ ಲಾಂಜೋಸ್ ಮೊದಲಾದವು ಈ ಬಗೆಯವು. ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ತಂತ್ರಾಂಶ ಇದ್ದವರು ಗಾತ್ರ ಬದಲಿಸುವ ಕಿಟಕಿಯಲ್ಲಿ 'ರೀಸೈಜ್' ಮತ್ತು 'ರೀಸ್ಯಾಂಪಲ್' ಎಂಬ ಎರಡು ಆಯ್ಕೆಗಳನ್ನು ನೋಡಿರಬಹುದು. ಮೊದಲನೆಯದು ವೇಗದ್ದು, ಎರಡನೆಯದು ಗುಣಮಟ್ಟದ್ದು. ಎರಡನೆಯದನ್ನು ಆರಿಸಿ ಲಾಂಜೋಸ್ ಇಟ್ಟುಕೊಳ್ಳಿ. ಇಷ್ಟಾದ ಮೇಲೂ ಎಲ್ಲೋ ಒಂದು ಮಡಿಕೆಯಲ್ಲಿ ಅಲೆ ಉಳಿದರೆ, ಇಳಿಸುವ ಮೊದಲು ಕಸೆಯ ಭಾಗವನ್ನಷ್ಟೇ ಆಯ್ದು ಒಂದು ಪಿಕ್ಸೆಲ್‌ನಷ್ಟು ಗಾಸಿಯನ್ ಬ್ಲರ್, ಅಂದರೆ ಮಸುಕು, ಕೊಡಿ.

ಬೆರೆಸುವುದರಿಂದ ಇನ್ನೊಂದು ಲಾಭವೂ ಇದೆ. ರಾತ್ರಿಯ ಆಟದಲ್ಲಿ ಐ.ಎಸ್.ಒ. 6400ರಲ್ಲಿ ತೆಗೆದ ಚಿತ್ರಗಳಲ್ಲಿ ರವೆ ಚೆಲ್ಲಿದಂತೆ ಕಾಣುವ ನಾಯ್ಸ್ ಇರುತ್ತದಲ್ಲ, ಎಂಟೂವರೆ ಪಿಕ್ಸೆಲ್‌ಗಳ ಸರಾಸರಿ ತೆಗೆದಾಗ ಅದು ಹೆಚ್ಚುಕಡಿಮೆ ಮೂರನೆಯ ಒಂದಕ್ಕೆ ಇಳಿಯುತ್ತದೆ. ಮೂಲ ಚಿತ್ರದಲ್ಲಿಯೇ ನಾಯ್ಸ್ ತೆಗೆಯುವ ಸಾಧನವನ್ನು ಜೋರಾಗಿ ಓಡಿಸಿ ಮುಖವನ್ನು ಮೇಣದ ಗೊಂಬೆ ಮಾಡುವ ಮೊದಲು, ಒಮ್ಮೆ ಸುಮ್ಮನೆ ಚಿಕ್ಕದು ಮಾಡಿ ನೋಡಿ.

ಅಳತೆ ಎಷ್ಟಿರಬೇಕು ಎನ್ನುವುದಕ್ಕೆ ಬಂದರೆ, ಫೇಸ್‌ಬುಕ್ ತಾನೇ ಸೂಚಿಸುವ ಅಗಲಗಳು 720, 960 ಮತ್ತು 2048. ಇನ್‌ಸ್ಟಾಗ್ರಾಮ್‌ಗೆ 1080 ಅಗಲ. ಆ ತಾಣಗಳು ಹೇಗಿದ್ದರೂ ತಮ್ಮ ಕಡೆಯಿಂದ ಮತ್ತೊಮ್ಮೆ ಒತ್ತಿ ಫೈಲಿನ ತೂಕ ಇಳಿಸುತ್ತವೆ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ಅವುಗಳಿಗೆ ಬೇಕಾದ ಅಳತೆಯನ್ನೇ ಕೊಟ್ಟರೆ ಗಾತ್ರ ಇಳಿಸುವ ಕೆಲಸವಾದರೂ ನಮ್ಮ ಇಷ್ಟದಂತೆ ನಡೆದಿರುತ್ತದೆ.

ಕೆ.ಟಿ. ಪ್ರಿಯ (ಮಂಗಳೂರು) ಉತ್ತರಿಸಿದ್ದು:

500 ಕೆ.ಬಿ. ಷರತ್ತಿನ ಬಗ್ಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ಹೆಚ್ಚಾಗಿ ಕಂಬಳದ ಚಿತ್ರಗಳನ್ನು ತೆಗೆಯುವವನು. ಕೋಣಗಳು ಗದ್ದೆಯ ನೀರನ್ನು ಚಿಮ್ಮಿಸಿಕೊಂಡು ಓಡುವ ಚಿತ್ರವನ್ನೂ ಪಣಂಬೂರಿನ ಸಂಜೆಯ ಕಡಲಿನ ಚಿತ್ರವನ್ನೂ ಒಂದೇ ಅಳತೆಗೆ, 2048ಕ್ಕೆ, ಒಂದೇ ಕ್ವಾಲಿಟಿಯಲ್ಲಿ, 80ರಲ್ಲಿ ಉಳಿಸಿದಾಗ ಕಡಲು 300 ಕೆ.ಬಿ. ದಾಟಲಿಲ್ಲ, ಕಂಬಳ 900 ದಾಟಿತು. ಜೆಪೆಗ್ ವಿಧಾನವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಯಲ್ಲಿ ಎಷ್ಟು ಏರಿಳಿತವಿದೆ ಎಂಬುದನ್ನು ಬರೆದುಕೊಳ್ಳುತ್ತದೆ. ನುಣುಪಾದ ಆಕಾಶಕ್ಕೆ ಬರೆಯುವುದು ಸ್ವಲ್ಪವೇ, ಚಿಮ್ಮಿದ ಕೆಸರಿನ ಹನಿಗಳಿಗೆ ಬರೆದಷ್ಟೂ ಮುಗಿಯದು. ನೀವು ಕ್ವಾಲಿಟಿ 20 ಇಟ್ಟಾಗ ಬರೆಯಲು ಜಾಗವೇ ಸಿಗದೆ ಆ ಮನೆಗಳ ಗೋಡೆಗಳೇ ಹೊರಗೆ ಕಾಣಿಸಿಕೊಂಡಿವೆ. ಮುಂಡಾಸಿನ ಸುತ್ತ ನೀವು ಕಂಡ ಚೌಕಗಳು ಅವೇ.

ಹಾಗಾಗಿ ತೂಕ ಇಳಿಸಬೇಕಾದಾಗ ಮೊದಲು ಅಳತೆಯನ್ನು ಇಳಿಸಬೇಕು, ಕ್ವಾಲಿಟಿಗೆ ಕೈ ಹಾಕುವುದು ಆಮೇಲೆ. 2048ರಲ್ಲಿ 500ರೊಳಗೆ ಬಾರದಿದ್ದರೆ 1600 ಮಾಡಿ, ಕ್ವಾಲಿಟಿಯನ್ನು 75ಕ್ಕಿಂತ ಕೆಳಗೆ ಬಿಡಬೇಡಿ. ಗಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪ್ರಿವ್ಯೂಗೆ ಗುರುತು ಹಾಕಿದರೆ, ಜಾರುಕಡ್ಡಿ ಎಳೆದ ಹಾಗೆಲ್ಲ ಫೈಲಿನ ತೂಕ ಎಷ್ಟಾಗುತ್ತದೆ ಎಂದು ಅಲ್ಲಿಯೇ ತೋರಿಸುತ್ತದೆ. ಅದೇ ಕಿಟಕಿಯಲ್ಲಿ ಸಬ್‌ಸ್ಯಾಂಪ್ಲಿಂಗ್ ಎಂಬುದನ್ನೂ ಗಮನಿಸಿ. 4:2:0 ಇದ್ದರೆ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಉಳಿಯುತ್ತದೆ. ಮುಖಕ್ಕೆ, ಮರಕ್ಕೆ ಅದು ಗೊತ್ತಾಗುವುದೇ ಇಲ್ಲ. ಕೆಂಪು-ಹಳದಿಯ ಸಣ್ಣ ಚೌಕುಳಿಗೆ ಮಾತ್ರ ಅಂಚುಗಳಲ್ಲಿ ಕೆಂಪು ಸೋರಿದಂತಾಗುತ್ತದೆ. ಕಸೆ ಎದ್ದು ಕಾಣುವ ಚಿತ್ರಗಳಿಗೆ 4:4:4 ಇಡಿ. ತೂಕ ಸ್ವಲ್ಪ ಏರುತ್ತದೆ, ಇರಲಿ.

ಒಮ್ಮೆ ಇಳಿಸಿದ ಫೈಲನ್ನೇ ಮತ್ತೆ ತೆರೆದು ಮತ್ತೆ ಇಳಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ ಮಾರಾಯ್ರೇ. ಪ್ರತಿ ಸಲ ಉಳಿಸುವಾಗಲೂ ಜೆಪೆಗ್ ಒಂದಿಷ್ಟನ್ನು ಕಳೆದುಕೊಳ್ಳುತ್ತದೆ. ಫೇಸ್‌ಬುಕ್‌ಗೆ ಬೇರೆ, ಆ ಜಾಲತಾಣಕ್ಕೆ ಬೇರೆ, ಎರಡನ್ನೂ ಮೂಲ ಫೈಲಿನಿಂದಲೇ ನೇರವಾಗಿ ತೆಗೆಯಬೇಕು. ನಾನು ಒಂದು ಇಡೀ ಕಂಬಳದ ಮೂಲ ಫೈಲುಗಳ ಮೇಲೆಯೇ ಚಿಕ್ಕ ಫೈಲುಗಳನ್ನು 'ಸೇವ್' ಮಾಡಿ ಕಳೆದುಕೊಂಡವನು. ಅಂದಿನಿಂದ 'ಮೂಲ' ಮತ್ತು 'ಜಾಲಕ್ಕೆ' ಎಂಬ ಎರಡು ಫೋಲ್ಡರ್‌ಗಳಿಲ್ಲದೆ ಕೆಲಸಕ್ಕೆ ಕೂರುವುದಿಲ್ಲ.

ಪಡಿಯಚ್ಚು (ಮಣಿಪಾಲ) ಉತ್ತರಿಸಿದ್ದು:

ಡಿ.ಪಿ.ಐ. ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮುದ್ರಣಾಲಯದ ಪುಟವಿನ್ಯಾಸದಲ್ಲಿ ಕುಳಿತು ಇಪ್ಪತ್ತು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಇದನ್ನು ವಿವರಿಸುತ್ತಿದ್ದೇನೆ. ಡಿ.ಪಿ.ಐ. ಎಂಬುದು ಕಾಗದದ ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್ ಕೂರಿಸಬೇಕು ಎಂದು ಫೈಲಿನ ಮೂಲೆಯಲ್ಲಿ ಬರೆದಿಟ್ಟ ಒಂದು ಸೂಚನೆ, ಅಷ್ಟೇ. ಪರದೆ ಅದನ್ನು ಓದುವುದೂ ಇಲ್ಲ. 72 ಎಂಬ ಅಂಕಿ 1984ರ ಮೊದಲ ಮ್ಯಾಕಿಂತೋಷ್ ಕಂಪ್ಯೂಟರಿನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದ ಕಾಲದಿಂದ ಉಳಿದುಕೊಂಡಿದೆ. ನಿಮ್ಮ 6000 ಪಿಕ್ಸೆಲ್‌ಗೆ 300 ಎಂದು ಬರೆದರೂ 72 ಎಂದು ಬರೆದರೂ ಪಿಕ್ಸೆಲ್ 6000ವೇ, ಆದ್ದರಿಂದ ತೂಕವೂ ಅಷ್ಟೇ.

ಮುದ್ರಣಕ್ಕೆ ಬಂದಾಗ ಮಾತ್ರ ಆ ಲೆಕ್ಕ ಬೇಕಾಗುತ್ತದೆ. ಹರಕೆಯಾಟದವರು ಇಂದು ಫೇಸ್‌ಬುಕ್‌ಗೆ ಕೇಳಿದವರು ನಾಳೆ ಸ್ಮರಣ ಸಂಚಿಕೆಗೂ ಕೇಳುತ್ತಾರೆ. ಇಂಚಿಗೆ 300ರಂತೆ ಎ4 ಪುಟ ತುಂಬಬೇಕಾದರೆ 2480 × 3508 ಪಿಕ್ಸೆಲ್ ಬೇಕು. ನೀವು ಇಳಿಸಿದ 2048ರ ಚಿತ್ರ ಏಳು ಇಂಚಿಗೂ ಸಾಲದು. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಬಂದವು ನನ್ನ ಮೇಜಿಗೆ ಬರುವಷ್ಟರಲ್ಲಿ ಉದ್ದದ ಬದಿಯಲ್ಲಿ 1600ರ ಆಸುಪಾಸಿನಲ್ಲಿರುತ್ತವೆ, ಅಂದರೆ ಐದು ಇಂಚು ಚಿಲ್ಲರೆ. ಅದನ್ನೇ ಮುಖಪುಟಕ್ಕೆ ಹಿಗ್ಗಿಸಬೇಕೆಂದು ಸಮಿತಿಯವರು ಎದುರಿಗೆ ಕುಳಿತು ಒತ್ತಾಯಿಸುತ್ತಾರೆ. 2023ರಲ್ಲಿ ಬಂದ ಎಚ್.ಡಿ. ಆಯ್ಕೆಯಿಂದ ಪರಿಸ್ಥಿತಿ ಸುಧಾರಿಸಿದೆಯಾದರೂ, ಮೂಲವನ್ನು ಹಾಗೆಯೇ ಕಳುಹಿಸಬೇಕಾದರೆ 'ಡಾಕ್ಯುಮೆಂಟ್' ಆಗಿಯೇ ಕಳುಹಿಸಬೇಕು.

ಆದರೆ ಹಾಗೆ ಕಳುಹಿಸಿದಾಗ ಫೈಲಿನೊಳಗಿನ ಮಾಹಿತಿಯೆಲ್ಲವೂ ಜೊತೆಗೇ ಹೋಗುತ್ತದೆ ಎಂಬುದು ನೆನಪಿರಲಿ. ಫೋನಿನಲ್ಲಿ ಲೊಕೇಶನ್ ತೆರೆದಿಟ್ಟು ಯಾರದೋ ಮನೆಯಂಗಳದ ಕೋಲದ ಚಿತ್ರ ತೆಗೆದಿದ್ದರೆ ಆ ಮನೆಯ ಅಕ್ಷಾಂಶ-ರೇಖಾಂಶಗಳೂ ಅದರಲ್ಲಿರುತ್ತವೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ನ 'ಡೀಟೇಲ್ಸ್' ಪುಟದ ಕೆಳಭಾಗದಲ್ಲಿ ಅದನ್ನು ಅಳಿಸುವ ಕೊಂಡಿ ಇದೆ.

ಸಣ್ಣ ಪ್ರತಿಯನ್ನು ಹರಿತಗೊಳಿಸುವ ವಿಷಯವನ್ನು ಮೇಲಿನ ಇಬ್ಬರೂ ಎತ್ತಲಿಲ್ಲ. ಗಾತ್ರ ಇಳಿಸಿದ ಮೇಲೆ, ಕೊನೆಯ ಹಂತವಾಗಿ, ಅನ್‌ಶಾರ್ಪ್ ಮಾಸ್ಕ್ ತುಸು ಕೊಡುವುದು ಒಳ್ಳೆಯದು. ರೇಡಿಯಸ್ ಅರ್ಧ ಪಿಕ್ಸೆಲ್ ಸಾಕು. ಇಳಿಸುವ ಮೊದಲೇ ಕೊಟ್ಟರೆ ಆ ಹರಿತವೂ ಸರಾಸರಿಯಲ್ಲಿ ಕರಗಿಹೋಗುತ್ತದೆ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಬಣ್ಣದ ವೇಷದ ಚುಟ್ಟಿಯಂತಹ ಬಿಳಿಯ ಚುಕ್ಕೆಗಳಿರುವ ಮುಖಕ್ಕೆ ಮಾತ್ರ ಬೇಡ. ಪ್ರತಿ ಚುಕ್ಕೆಯ ಸುತ್ತಲೂ ಕಪ್ಪು ಬಳೆ ತೊಡಿಸಿದಂತಾಗುತ್ತದೆ, ಅಪ್‌ಲೋಡ್ ಆದ ಮೇಲೆ ಅದು ಇನ್ನಷ್ಟು ಕೆಡುತ್ತದೆ.

ಚೌಕಿಮನೆ ಮರಳಿ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು ಆ ಮಂಡಿಯ ಚಿತ್ರವನ್ನೇ ಮೊದಲಿನಿಂದ ಮಾಡಿದೆ. ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಗಿಂಪ್‌ನಲ್ಲಿ 2048ಕ್ಕೆ ಇಳಿಸಿ, ಹರಿತವನ್ನು ತುಸುವೇ ಕೊಟ್ಟು, 4:4:4ರಲ್ಲಿ ಕ್ವಾಲಿಟಿ 85 ಇಟ್ಟಾಗ 740 ಕೆ.ಬಿ. ಬಂತು. ಕಸೆಯ ಅಲೆಗಳು ಹೋದವು. ಸೊಂಟದ ಬಳಿ ಒಂದೇ ಒಂದು ಮಡಿಕೆಯಲ್ಲಿ ಉಳಿದಿತ್ತು, ಅಲ್ಲಿ ಬ್ಲರ್ ಕೊಟ್ಟೆ. 500ರ ಷರತ್ತಿನವರಿಗೆ ಮೂಲದಿಂದಲೇ 1600ರ ಇನ್ನೊಂದು ಪ್ರತಿ ತೆಗೆದೆ, ಅದು 430ಕ್ಕೆ ನಿಂತಿತು. ತಮ್ಮನ ಫೋನಿನಲ್ಲಿ ಕೆಂಪು ಕೆಂಪಾಗಿಯೇ ಕಂಡಿತು. ಎರಡು ವರ್ಷಗಳ ಕಾಲ ಅವನ ಫೋನನ್ನೇ ಬೈದುಕೊಂಡಿದ್ದೆ.

ಇನ್ನೊಂದು ಸಂದೇಹ ಉಳಿದಿದೆ. ಲಕ್ಷದೀಪೋತ್ಸವದಂದು ಉಡುಪಿಯ ರಥಬೀದಿಯಲ್ಲಿ ತೆಗೆದ ಹಳೆಯ ಚಿತ್ರವೊಂದಿದೆ. ಮೂಲದಲ್ಲಿ ದೂರದ ಸಾಲುದೀಪಗಳು ಚುಕ್ಕೆಚುಕ್ಕೆಯಾಗಿ ಉರಿಯುತ್ತವೆ. ಹಿಂದೆ ನನ್ನ ಹಳೆಯ ತಂತ್ರಾಂಶದಲ್ಲಿ ಇಳಿಸಿಟ್ಟ ಪ್ರತಿಯಲ್ಲಿ ಅಲೆಗಳೇನೂ ಇಲ್ಲ, ಬಣ್ಣವೂ ಸರಿಯಿದೆ, ಆದರೆ ಆ ದೂರದ ದೀಪಗಳು ಎಣ್ಣೆ ತೀರಿದಂತೆ ಮಂಕಾಗಿವೆ. ಇದೂ ಹೆಕ್ಕುವುದರಿಂದಲೇ ಆದದ್ದೇ?

ಕಾಪು ದೀಪಸ್ತಂಭ ಉತ್ತರಿಸಿದ್ದು:

ಅಲ್ಲ, ಇದು ಬೆರೆಸುವಾಗ ಲೆಕ್ಕ ತಪ್ಪಿದ್ದರಿಂದ ಆದದ್ದು. ಫೈಲಿನಲ್ಲಿರುವ 0ಯಿಂದ 255ರ ಅಂಕಿಗಳು ಬೆಳಕಿನ ನೇರ ಅಳತೆಯಲ್ಲ, ಕಣ್ಣಿಗೆ ಹೊಂದುವಂತೆ ಬಾಗಿಸಿ ಬರೆದ ಅಂಕಿಗಳು. 128 ಎಂಬುದು 255ರ ಅರ್ಧದಷ್ಟು ಬೆಳಕಲ್ಲ, ಐದನೆಯ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ದೀಪದ ಒಂದು ಪಿಕ್ಸೆಲ್ 255 ಇದ್ದು, ಅದರ ಜೊತೆಗಿನ ಮೂರು ಪಿಕ್ಸೆಲ್ ಕತ್ತಲೆಯ 0 ಇದ್ದವು ಎಂದುಕೊಳ್ಳಿ. ನಾಲ್ಕನ್ನೂ ಬೆರೆಸಿದಾಗ ನಿಜವಾದ ಬೆಳಕಿನ ನಾಲ್ಕನೆಯ ಒಂದು ಭಾಗ ಉಳಿಯಬೇಕು. ಅದನ್ನು ಅಂಕಿಯಲ್ಲಿ ಬರೆದರೆ 137. ಹಲವು ತಂತ್ರಾಂಶಗಳು ಅಂಕಿಗಳನ್ನೇ ಕೂಡಿಸಿ ಭಾಗಿಸಿ 64 ಎಂದು ಬರೆಯುತ್ತವೆ. 64 ಎಂದರೆ ಬೆಳಕಿನ ನೂರರಲ್ಲಿ ಐದು ಭಾಗ. ಇಪ್ಪತ್ತೈದು ಇರಬೇಕಾದಲ್ಲಿ ಐದು ಉಳಿದರೆ ದೀಪ ಮಂಕಾಗದೆ ಏನಾದೀತು? ಹಗಲಿನ ಚಿತ್ರಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕತ್ತಲೆಯ ನಡುವಿನ ಸಣ್ಣ ಬೆಳಕಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಗಿಂಪ್‌ನ 'ಇಮೇಜ್' ಮೆನುವಿನಲ್ಲಿ 'ಪ್ರಿಸಿಶನ್' ಎಂಬುದಿದೆ. ಅಲ್ಲಿ 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಮತ್ತು 'ಲೀನಿಯರ್ ಲೈಟ್' ಎರಡನ್ನೂ ಆರಿಸಿಕೊಂಡು, ಮೂಲ ಫೈಲಿನಿಂದಲೇ ಹೊಸದಾಗಿ ಇಳಿಸಿ, ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಇಲ್ಲಿಯೇ ಹಾಕಿದರೆ ದೂರದ ಸಾಲುದೀಪಗಳನ್ನು ನಾವೂ ನೋಡುತ್ತೇವೆ.